ಮೊದಲ ನಡುಕ

ಭೂಕಂಪದ ಅಲೆಗಳನ್ನು ಓದುವ ಬಸವಲಿಂಗ ಸರ್ ಅವರಿಗೆ ಇರುವುದು ಒಂದೇ ಪ್ರಶ್ನೆ: ಮೊದಲ ನಡುಕ ಮೇಲಕ್ಕೋ, ಕೆಳಕ್ಕೋ? ಹತ್ತಾರು ಮಾಪನ ಕೇಂದ್ರಗಳ ಉತ್ತರ ಕೂಡಿಸಿದರೆ, ನೆಲದೊಳಗಿನ ಬಂಡೆ ಯಾವ ಕಡೆ ಜಾರಿತೆಂದು ತಿಳಿಯುತ್ತದೆ. ಸವದತ್ತಿ ಬಸ್ಸು ತಗ್ಗಿಗೆ ಬಿದ್ದರೂ ಪಕ್ಕದವರನ್ನು ಅದನ್ನೇ ಕೇಳುತ್ತಾರೆ. "ಮೊದ್ಲ ನನ್ನ ಸೊಂಟ ಹೋತ್ರೀ ಸರ" ಎಂದಿದ್ದಳು ಒಬ್ಬ ಅಜ್ಜಿ. ಸೋಮವಾರದ ಭೂಕಂಪದ ವರದಿ ಇಂದು ಸಂಜೆಯೊಳಗೆ ಹೋಗಬೇಕು. ಯಾವ ಊರಿನ ಶಾಲೆಯನ್ನು ಮೊದಲು ಭದ್ರಪಡಿಸಬೇಕೆಂದು ಅಧಿಕಾರಿಗಳು ಅದನ್ನು ನೋಡಿಯೇ ತೀರ್ಮಾನಿಸುತ್ತಾರೆ. ಆದರೆ ಸಂಪಗಾಂವ ಕೇಂದ್ರದ ಅಲೆಯೊಂದು ಉಳಿದವುಗಳಿಗೆ ಹೊಂದುತ್ತಿಲ್ಲ. "ಅದೊಂದನ್ನ ಬಿಡ್ರಿ ಸರ, ಉಳಿದದ್ದು ಛಂದ ಕೂಡತೈತಿ" ಎಂದಳು ಸಹಾಯಕಿ ಉಮಾಶ್ರೀ. "ತಡಿಯವಾ" ಎಂದರು ಸರ್. ದೂರದೇಶದ ದೊಡ್ಡ ಭೂಕಂಪವೊಂದರ ಹಳೆಯ ದಾಖಲೆ ತೆಗೆದರು. ಅಷ್ಟು ದೂರದಿಂದ ಬರುವ ಅಲೆ ಇಲ್ಲಿನ ನೆಲವನ್ನೆಲ್ಲ ಒಂದೇ ಕಡೆಗೆ ನೂಕುತ್ತದೆ; ಉಳಿದ ಕೇಂದ್ರಗಳೆಲ್ಲ ಮೇಲಕ್ಕೆ ತೋರಿಸಿದ್ದವು, ಸಂಪಗಾಂವದ್ದು ಮಾತ್ರ ಕೆಳಕ್ಕೆ ತೋರಿಸುತ್ತಿತ್ತು. ಅಂದರೆ ಅಲ್ಲಿನ ಯಂತ್ರದ ತಂತಿಗಳೇ ಅದಲುಬದಲಾಗಿದ್ದವು. ಮೂರು ವರ್ಷದ ಹಿಂದೆ ಅವನ್ನು ಜೋಡಿಸಿದವರು ಸ್ವತಃ ಬಸವಲಿಂಗ ಸರ್ ಅವರೇ. "ಸುಮ್ನ ತಂತಿ ತಿರುವಿ ಹಾಕೂಣ್ರಿ, ಯಾರಿಗ್ ಗೊತ್ತಾಗತೈತಿ" ಎಂದಳು ಉಮಾಶ್ರೀ ಮೆಲ್ಲಗೆ. ಅವರು ಆ ಮೂರು ವರ್ಷದಲ್ಲಿ ಸಂಪಗಾಂವದ ಅಲೆ ಸೇರಿಸಿ ಕಳಿಸಿದ ವರದಿಗಳನ್ನು ಎಣಿಸಿದರು. "ವರದಿಯಾಗ ಬರಿಯವಾ: ತಂತಿ ತಪ್ಪು ಜೋಡಿಸಿದಾಂವ ಬಸವಲಿಂಗ. ಅಂವ ಕಳಿಸಿದ ಹಿಂದಿನ ಹದಿನೇಳು ವರದಿ ನಂಬಬ್ಯಾಡ್ರಿ."