ಇಣಚಿ ಮರಿಗಳ ಸೋಮವಾರ

ಆಗಿನ ದಿನಗಳು ಬಂಗಾರದಂಥವು ಎಂದು ನನ್ನ ವಯಸ್ಸಿನವರು ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎಂಬತ್ತರ ದಶಕದ ಒಂದು ಶ್ರಾವಣವನ್ನು ನಾನು ಇನ್ನೂ ಕ್ಷಮಿಸಿಲ್ಲ.

ನಮ್ಮೂರು ಕರಜಗಿ. ಆಗ ನಾನು ಆರನೆಯ ತರಗತಿ. ಹಿತ್ತಲ ಬೇವಿನ ಗಿಡದಿಂದ ಗೂಡು ಬಿದ್ದು ಎರಡು ಅಳಿಲು ಮರಿ ಸಿಕ್ಕಿದ್ದವು. ನಮ್ಮ ಕಡೆ ಇಣಚಿ ಅನ್ನುತ್ತೇವೆ. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ರೊಟ್ಟಿ ಬುಟ್ಟಿಯಲ್ಲಿ ಅಜ್ಜಿಯ ಹಳೆ ಸೀರೆಯ ತುಂಡು ಹಾಸಿ, ಅರಳೆ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಗಳಿಗೆಗೊಮ್ಮೆ ಬಾಯಿಗೆ ಹಿಡಿಯುತ್ತಿದ್ದೆ. ಚೀಪುವಾಗ ಅವು ಮುಂಗಾಲಿನಿಂದ ನನ್ನ ಬೆರಳು ಹಿಡಿದುಕೊಳ್ಳುತ್ತಿದ್ದವು. ಜೀವಮಾನದಲ್ಲಿ ಮೊದಲ ಸಲ ಯಾರೋ ನನ್ನನ್ನು ನಂಬಿದ್ದರು.

ಅಷ್ಟರಲ್ಲಿ ಡ್ರಿಲ್ ಮಾಸ್ತರರಿಗೆ ಕ್ಯಾಂಪಿನ ಹುಚ್ಚು ಹತ್ತಿತು. ಸೊನ್ನದ ಹತ್ತಿರ ಭೀಮಾ ದಂಡೆಯಲ್ಲಿ ಡೇರೆ. ಶನಿವಾರ ಹೋಗಿ ಭಾನುವಾರ ಸಂಜೆ ವಾಪಸು. ಬರದವರಿಗೆ ಛಡಿ ಏಟು. ಹೊರಡುವಾಗ ಅಜ್ಜಿಯ ಕೈಗೆ ಬುಟ್ಟಿ ಕೊಟ್ಟೆ.

"ಇವನ್ನ ಬ್ಯಾರೆ ತಿಳಿಬ್ಯಾಡ ಯಮ್ಮಾ. ನನ್ನ ಹ್ಯಾಂಗ ನೋಡ್ತಿ, ಹಂಗ ನೋಡು."

"ಹೂಂ ಯವ್ವಾ, ಹೋಗಿ ಬಾ," ಎಂದಳು ಅಜ್ಜಿ.

ಡೇರೆ ಹಾಕಿದ ಮಧ್ಯಾಹ್ನವೇ ಮಳೆ ಹಿಡಿಯಿತು. ಎರೆಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಕಾಲು ಒಂದೊಂದು ಮಣ ತೂಗುತ್ತಿತ್ತು. ಹಾಸಿಗೆ ತೊಯ್ದವು. ಉಪ್ಪಿಟ್ಟಿಗೆ ಸೀಮೆಎಣ್ಣೆ ವಾಸನೆ. ಆ ಕೆಸರಿನಲ್ಲಿ ನಿಲ್ಲಿಸಿ ಮಾಸ್ತರರು ನಮ್ಮಿಂದ ಹಗ್ಗಕ್ಕೆ ಗಂಟು ಹಾಕಿಸಿದರು. ಭಾನುವಾರ ಸಂಜೆ, ದಾರಿಯ ಹಳ್ಳ ತುಂಬಿದೆ, ಯಾರೂ ಹೋಗುವಂತಿಲ್ಲ ಎಂದರು. ನಾಳೆ ಶ್ರಾವಣ ಸೋಮವಾರ ಎಂದು ನನಗೆ ಆಗ ನೆನಪಾಯಿತು. ಆ ದಿನ ನಮ್ಮ ಮನೆಯಲ್ಲಿ ಸಂಜೆ ಲಿಂಗಪೂಜೆಯಾಗುವವರೆಗೆ ಒಲೆ ಹಚ್ಚುತ್ತಿರಲಿಲ್ಲ.

"ಸರ್, ಮನ್ಯಾಗ ಇಣಚಿ ಮರಿ ಅದಾವ್ರಿ. ಹಾಲು ಕುಡಸಬೇಕ್ರಿ. ನಾ ಹೋಗ್ತೇನ್ರಿ."

"ಇಣಚಿ ಸಲುವಾಗಿ ನಾ ನಿನ್ನ ಹೆಣ ಹುಡುಕ್ಲೇನು? ಸುಮ್ಮ ಕೂಡು ಬೇ!"

ಎಲ್ಲರೂ ನಕ್ಕರು. ಆಮೇಲೆ ಶಾಲೆ ಬಿಡುವ ತನಕ ನನ್ನ ಹೆಸರೇ ಇಣಚಿ ಆಯಿತು. ನಕ್ಕ ಒಂದೊಂದು ಮುಖವೂ ನನಗೆ ನೆನಪಿದೆ.

ಮಂಗಳವಾರ ಮಧ್ಯಾಹ್ನ ಹಳ್ಳ ಇಳಿಯಿತು. ಮನೆಗೆ ಓಡಿ ಬಂದರೆ ಬುಟ್ಟಿ ಬೋರಲು ಬಿದ್ದಿತ್ತು. ಅಜ್ಜಿ ಬೇವಿನ ಬುಡದಲ್ಲಿ ಮಣ್ಣು ಮುಚ್ಚಿ ಕೈ ತೊಳೆಯುತ್ತಿದ್ದಳು.

"ಹಾಲು ಹಾಕಿಲ್ಲೇನು?"

"ಐತವಾರ ರಾತ್ರಿತನಕ ಹಾಕೇನಿ. ನಿನ್ನಿ ಸೋಮವಾರ ಇತ್ತಲ್ಲ ಯವ್ವಾ. ನಿನಗ ಪೂಜಿ ಆಗೂತನ ಏನರ ಕೊಡ್ತೇನೇನು? ನೀನ ಅಂದಿದ್ದಿ, ನಿನ್ನಂಗ ನೋಡಂತ. ಅವಕ್ಕೂ ಒಪ್ಪತ್ತು ಹಿಡಿಸಿದೆ. ಸಂಜಿಗೆ ಬತ್ತಿ ಹಿಡದ್ರ ಬಾಯೇ ತೆರೀಲಿಲ್ಲ."

"ನೀ ಸಾಯಬೇಕಿತ್ತು, ಅವಲ್ಲ," ಎಂದೆ. ಹನ್ನೊಂದು ವರ್ಷದ ನನಗೆ ಆ ಮಾತು ಬಾಯಿತುಂಬ ರುಚಿಸಿತು. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು.

ಮುಂದಿನ ಸೋಮವಾರ ಬೆಳಗ್ಗೆ, ಲಿಂಗ ಮುಟ್ಟುವ ಮೊದಲೇ, ಅವಳು ಒಲೆ ಹಚ್ಚಿದಳು. ಆ ಮನೆಯಲ್ಲಿ ಹಾಗೆ ಎಂದೂ ಆಗಿರಲಿಲ್ಲ. ಹಾಲು ಕಾಯಿಸಿ, ರೊಟ್ಟಿ ಚೂರು ನೆನೆಸಿ, ಬಟ್ಟಲನ್ನು ಬೇವಿನ ಬುಡದಲ್ಲಿ ಇಟ್ಟು ಹಿತ್ತಲ ಬಾಗಿಲಿನಿಂದ ಕೂಗಿದಳು: "ನೋಡ ಬಾ ಯವ್ವಾ, ಇಣಚಿಗೆ ಮೊದಲ ಇಟ್ಟೇನಿ."

ನಾನು ಗೋಡೆಯ ಕಡೆ ಮುಖ ಮಾಡಿ ಕುಳಿತೆ. ಅವಳು ಬದುಕಿರುವವರೆಗೆ ಶ್ರಾವಣದ ಪ್ರತಿ ಸೋಮವಾರ ಬಟ್ಟಲು ಇಟ್ಟಳು, ಪ್ರತಿ ಸಲವೂ ಕೂಗಿದಳು.

ನಾವು ಡೇರೆ ಹಾಕಿದ ದಂಡೆ ಈಗ ಬ್ಯಾರೇಜಿನ ನೀರಿನಲ್ಲಿ ಮುಳುಗಿದೆ; ಮುಳುಗಲಿ, ಸಂತೋಷ. ಬೇವನ್ನು ಕಡಿದು ಅಲ್ಲಿ ಬಚ್ಚಲು ಕಟ್ಟಿಸಿದ್ದಾರೆ. ಮಾಸ್ತರರ ಮೇಲಿನ ಸಿಟ್ಟು ಹಾಗೇ ಇದೆ, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆದರೆ ಶ್ರಾವಣ ಬಂದರೆ ಉರಿಯುವುದು ಅದಲ್ಲ. ಅಷ್ಟು ವರ್ಷ ಕೂಗಿದಳಲ್ಲ, ಒಂದು ಸೋಮವಾರವಾದರೂ ಎದ್ದು ಹೋಗಿ ಆ ಬಟ್ಟಲನ್ನು ನೋಡಲಿಲ್ಲ ನಾನು.