ಊರಿಗಿಂತ ಮೊದಲು ಹಟ್ಟಿಯ ಹೆಸರು

ಇಷ್ಟು ವರ್ಷ ಪಾಠ ಮಾಡಿದ್ದಕ್ಕೆ ಕೊನೆಗೂ ನನಗೊಂದು ಕಾಗದ ಸಿಕ್ಕಿದೆ. ಪ್ರಶಸ್ತಿಪತ್ರ ಅಂದುಕೊಂಡಿರಾ? ಅಲ್ಲ, ಕಾರಣ ಕೇಳಿ ನೋಟಿಸು.

ಆರೋಪ ಎರಡು. ಶಾಲೆಯ ಕಂಪ್ಯೂಟರ್ ಕೋಣೆಯ ಬೀಗ ತೆಗೆದು ಕಂಪ್ಯೂಟರ್ ಬಳಸಿದ್ದು ಒಂದು. ಸದರಿ ಕಂಪ್ಯೂಟರಿನ ಮೇಲಿದ್ದ ವಿಭೂತಿ ಅಳಿಸಿದ್ದು ಇನ್ನೊಂದು. (ಮೂರನೆಯದೂ ಇದೆ. ಅದನ್ನು ಬರವಣಿಗೆಯಲ್ಲಿ ಹಾಕುವ ಧೈರ್ಯ ಯಾರಿಗೂ ಬಂದಿಲ್ಲ. ಅಲ್ಲಿಗೇ ಬರುತ್ತೇನೆ.)

ನಾನು ಕೊಟ್ಟೂರಿನಿಂದ ದಿನಾ ಬಸ್ಸು ಹತ್ತಿ, ಚಿಗಟೇರಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವಳೆಂದು ನಿಮಗೆ ಗೊತ್ತೇ ಇದೆ. ನಮ್ಮ ಶಾಲೆಗೆ ಕಂಪ್ಯೂಟರ್ ಬಂದು ಮೂರ್ನಾಲ್ಕು ವರ್ಷವಾಯಿತು. ಬಂದ ವಾರವೇ ಅವಕ್ಕೆ ಹೂವಿನ ಬಟ್ಟೆಯ ಗವಸು ಹೊಲಿಸಿ ತೊಡಿಸಿ, ಕೋಣೆಗೆ ಬೀಗ ಜಡಿದರು. ಆ ಬೀಗ ತೆಗೆಯುವುದು ವರ್ಷಕ್ಕೊಮ್ಮೆ, ಆಯುಧಪೂಜೆಗೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಪರದೆಗೆ ವಿಭೂತಿಯ ಮೂರು ಪಟ್ಟೆ ಎಳೆದು, ಕುಂಕುಮ ಇಟ್ಟು, ಕಾಯಿ ಒಡೆದು, ಎಲ್ಲರಿಗೂ ಮಂಡಕ್ಕಿ ಹಂಚುತ್ತಾರೆ. ನಮ್ಮ ಮಕ್ಕಳು ಕಂಪ್ಯೂಟರಿಗೆ ಕೈ ಮುಗಿದಿದ್ದಾರೆಯೇ ಹೊರತು ಕೈ ಹಚ್ಚಿರಲಿಲ್ಲ.

ನಾನು ಬೀಗ ತೆಗೆಯಲು ಕಾರಣ ಗೋಡೆಯ ನಕಾಶೆ. ಒಂಬತ್ತನೇ ಕ್ಲಾಸಿನಲ್ಲಿ ತೂಗುಹಾಕಿರುವ ಕರ್ನಾಟಕದ ನಕಾಶೆ ಎಷ್ಟು ಹಳೆಯದೆಂದರೆ, ಹರಪನಹಳ್ಳಿ ಅದರಲ್ಲಿ ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇದೆ. ನಮ್ಮ ತಾಲೂಕನ್ನು ೧೯೯೭ರಲ್ಲೇ ದಾವಣಗೆರೆಗೆ ಸೇರಿಸಿದರು, ಹದಿಮೂರು ವರ್ಷವಾಯಿತು! ಸುದ್ದಿ ಗೋಡೆಯವರೆಗೆ ಬಂದಿಲ್ಲ. ಪ್ರತಿ ವರ್ಷ ಅದರ ಮುಂದೆ ನಿಂತು ಯಾರಾದರೊಬ್ಬರು ಕೇಳುತ್ತಾರೆ: "ಮೇಡಂ, ಇದ್ರಾಗ ನಮ್ಮೂರು ಎಲ್ಲೈತ್ರಿ?" ನಾನು ಬೆರಳಿಟ್ಟು "ಇಲ್ಲೇ ಎಲ್ಲೋ" ಎನ್ನುತ್ತೇನೆ. ನನ್ನ ಬೆರಳೇ ಎರಡು ತಾಲೂಕು ಮುಚ್ಚಿರುತ್ತದೆ. ಈ ವರ್ಷ ಹಾಗೆ ಹೇಳಲು ನಾಚಿಕೆಯಾಯಿತು.

ಏಕೆಂದರೆ ಅಷ್ಟರಲ್ಲಿ ಕೊಟ್ಟೂರಿನ ಇಂಟರ್ನೆಟ್ ಸೆಂಟರಿನಲ್ಲಿ ನಾನೊಂದು ತಾಣ ನೋಡಿದ್ದೆ. ಆಕಾಶದಿಂದ ತೆಗೆದ ಚಿತ್ರ. ಊರು, ಕೆರೆ, ಹೊಲದ ಬದು ಕೂಡ ಕಾಣುತ್ತದೆ. ಹೆಸರಿಲ್ಲದ ಜಾಗಕ್ಕೆ ನೋಡಿದವರೇ ಹೆಸರು ಬರೆಯಬಹುದು. ಎಲ್ಲಾ ಪುಕ್ಕಟೆ! ಸರಿಯಾದ ನಕಾಶೆ ಪುಕ್ಕಟೆ ಸಿಗುವಾಗ ತಪ್ಪು ನಕಾಶೆಯ ಮೇಲೆ ಬೆರಳಾಡಿಸುತ್ತಾ ನಾನು ಯಾಕೆ ನಿಂತಿರಬೇಕು?

ಹೆಡ್‌ಮಾಸ್ಟರನ್ನು ಕಾಡಿ ಬೇಡಿ ಬೀಗದ ಕೈ ಪಡೆದೆ. ಒಳ್ಳೆಯ ಮನುಷ್ಯ, ಆದರೆ ಹೆದರಿಕೆ ಜಾಸ್ತಿ. "ಕಾರ್ಯದರ್ಶಿಗಳಿಗೆ ಗೊತ್ತಾದ್ರ ನನ್ನ ಹೆಸರು ಹೇಳಬ್ಯಾಡ್ರಿ ಮತ್ತ" ಎಂದರು. (ಹೇಳಿಲ್ಲ ಸರ್. ಇಲ್ಲೂ ಬರೆದಿಲ್ಲ, ನೋಡಿ.)

ಇಂಟರ್ನೆಟ್ಟಿಗೆ ನನ್ನದೇ ಡಾಟಾ ಕಾರ್ಡ್ ಸಿಕ್ಕಿಸಿದೆ. ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಮುಗಿಬಿದ್ದರು. ಚಿತ್ರ ಚೌಕ ಚೌಕವಾಗಿ ನಿಧಾನಕ್ಕೆ ಮೂಡತೊಡಗಿತು. ಕೆರೆ ಬಂತು, ಗುಡಿ ಬಂತು, ಶಾಲೆ ಬಂತು. ಇದ್ದಕ್ಕಿದ್ದಂತೆ ಬಸವರಾಜ ಕಿರುಚಿದ: "ಮೇಡಂ, ನಮ್ಮೂರಿಗೆ ಮೂರು ಹೈವೇ ಬಂದಾವ್ರಿ!"

ನಿಜ. ಊರಿನ ಮೇಲೆ ಒಂದರ ಕೆಳಗೊಂದು ಮೂರು ಬಿಳಿ ಪಟ್ಟೆ.

"ಹೈವೇ ಅಲ್ಲಲೇ, ಕಾಲುವಿ ಅದು. ತುಂಗಭದ್ರಾ ನೀರು ತರ್ತಾರ" ಅಂದ ಇನ್ನೊಬ್ಬ. "ನಮ್ಮ ಹೊಲದಾಗ ಹಾದು ಹೋಗೈತಿ! ನಮ್ಮಪ್ಪಗ ಯಾರೂ ಹೇಳೇ ಇಲ್ಲ!" ಅಂತ ಮತ್ತೊಬ್ಬನಿಗೆ ಗಾಬರಿ. ನಾನೂ ಒಂದು ಗಳಿಗೆ ನಂಬಿದೆ, ನಗಬೇಡಿ. ಮುಂದೆ ಕೂತಿದ್ದ ಹುಲಿಗೆಮ್ಮ ವೇಲಿನ ತುದಿಯಿಂದ ಪರದೆ ಒರೆಸಿದಳು. ಹೈವೇಯೂ ಹೋಯಿತು, ಕಾಲುವೆಯೂ ಹೋಯಿತು. ಆಯುಧಪೂಜೆಯ ವಿಭೂತಿ!

ಇದೇ ಎರಡನೇ ಆರೋಪ. ಸ್ವಾಮಿ, ನಾನೂ ದಿನಾ ವಿಭೂತಿ ಹಚ್ಚಿಕೊಳ್ಳುವವಳೇ. ಹಣೆಗೆ ಹಚ್ಚಿಕೊಳ್ಳುತ್ತೇನೆ, ಕಣ್ಣಿಗಲ್ಲ.

ಹುಲಿಗೆಮ್ಮನ ಮನೆ ಇರುವುದು ಊರಿನಾಚೆ, ಹಳ್ಳದ ಅತ್ತ ದಂಡೆಯಲ್ಲಿ. ಊರಿನವರು ಅದನ್ನು "ಆ ಕಡಿ" ಅನ್ನುತ್ತಾರೆ. ಅಲ್ಲಿಯವರು ಬೇವಿನಹಟ್ಟಿ ಅನ್ನುತ್ತಾರೆ. ಆ ಹೆಸರಿನ ಬೋರ್ಡು ಯಾವ ಬಸ್ಸಿಗೂ ಇಲ್ಲ, ಗೋಡೆಯ ನಕಾಶೆಯಲ್ಲಂತೂ ಕೇಳಲೇಬೇಡಿ. ಅಂದು ತನ್ನ ಹಟ್ಟಿಯ ಬೇವಿನ ಮರಗಳನ್ನು ಗುರುತು ಹಿಡಿದ ಹುಡುಗಿ, "ಮೇಡಂ, ಇಲ್ಲಿ ಹೆಸರ ಇಲ್ರಿ" ಎಂದಳು. "ನೀನೇ ಬರಿ" ಎಂದೆ. ಒಂದೊಂದೇ ಇಂಗ್ಲಿಷ್ ಅಕ್ಷರ ಹುಡುಕಿ ಹುಡುಕಿ ಒತ್ತಿದಳು. ಬೇವಿನಹಟ್ಟಿ ನಕಾಶೆಯ ಮೇಲೆ ಬಂದು ಕೂತಿತು. ಕ್ಲಾಸಿಗೆ ಕ್ಲಾಸೇ ಚಪ್ಪಾಳೆ ತಟ್ಟಿತು. ಇನ್ನೇನು ಊರಿನ ಹೆಸರು ಬರೆಯಬೇಕು, ಕರೆಂಟು ಹೋಯಿತು.

ಅಲ್ಲೇ ಎಡವಟ್ಟಾಗಿದ್ದು. ಈಗ ಪ್ರಪಂಚದ ನಕಾಶೆಯಲ್ಲಿ ಹಟ್ಟಿ ಇದೆ, ಊರಿಲ್ಲ!

ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೆ ಇದನ್ನು ಯಾರೋ ಕೊಟ್ಟೂರಿನಲ್ಲಿ ತೆರೆದು ತೋರಿಸಿದರಂತೆ. ಮೊದಲು ನೋಟಿಸು ಬಂತು, ಹಿಂದೆಯೇ ಅವರೂ ಬಂದರು. ಹೆಡ್‌ಮಾಸ್ಟರ ಕೋಣೆಯಲ್ಲಿ ವಿಚಾರಣೆ.

"ಪುಸ್ತಕದಾಗ ಇರೋದು ಕಲಸ್ರಿ ಮೇಡಂ. ಪುಗಸಟ್ಟೆ ಕೊಡೋರು ಸುಮ್ನ ಕೊಡ್ತಾರೇನ್ರಿ? ಏನರ ಮಸಲತ್ತು ಇದ್ದ ಇರ್ತೈತಿ" ಎಂದರು ಕಾರ್ಯದರ್ಶಿಗಳು.

ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆ ತಾಣ ನಡೆಸುವ ಕಂಪನಿಗೆ ನಮ್ಮೂರಿನ ಮೇಲೇನು ಅಕ್ಕರೆಯೇ? ನಾಳೆ ದುಡ್ಡು ಕೇಳಿದರೂ ಕೇಳಬಹುದು, ಅಂಗಡಿ ಮುಚ್ಚಿಕೊಂಡು ಹೋದರೂ ಹೋಗಬಹುದು. ಹೋಗಲಿ. ಅಲ್ಲಿಯವರೆಗೆ ಮಕ್ಕಳು ಕಲಿತದ್ದನ್ನು ವಾಪಸು ಕೇಳುತ್ತದೆಯೇ? ಅಂದಹಾಗೆ, ಗೋಡೆಯ ಮೇಲಿನ ತಪ್ಪು ನಕಾಶೆಯನ್ನು ನಾವು ದುಡ್ಡು ಕೊಟ್ಟು ತಂದಿದ್ದು. ಅದರ ಬಗ್ಗೆ ಇದುವರೆಗೆ ಯಾರಿಗೂ ನೋಟಿಸು ಹೋಗಿಲ್ಲ.

ಇದನ್ನೇ ಅವರಿಗೂ ಹೇಳಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಟ್ಟೆಯೊಳಗಿನ ಮಾತು ಆಮೇಲೆ ಬಂತು.

"ಅಲ್ರಿ, ಊರಿಗಿಂತ ಮೊದ್ಲ ಹಟ್ಟಿ ಹೆಸರು ಹೆಂಗ ಬಂತು? ಅಳಸ್ರಿ ಅದನ್ನ. ಮೊದ್ಲ ಊರ ಹೆಸರು ಬರಲಿ. ಆಮ್ಯಾಲ ಬೇಕಾದ್ರ ಅವರದು ಹಾಕ್ರಿ, ಸಣ್ಣ ಅಕ್ಷರದಾಗ. ನೋಟಿಸು ವಾಪಸ್ ತಗಂತೀವಿ. ಬೀಗದ ಕೈ ನಿಮ್ಮ ಹತ್ರನ ಇರಲಿ."

ನೋಡಿದಿರಾ ಮೂರನೇ ಆರೋಪ?

"ಊರಿನ ಹೆಸರು ಇವತ್ತ ಬರಸ್ತೀನ್ರಿ. ಅದಕ್ಕ ಹಟ್ಟಿ ಹೆಸರು ಯಾಕ ಅಳಸಬೇಕು?" ಎಂದೆ.

ಹೆಡ್‌ಮಾಸ್ಟರು ಮೆಲ್ಲಗೆ ಬಾಯಿಬಿಟ್ಟರು: "ಒಂದು ಹೆಸರಿನ ಸಲುವಾಗಿ ಯಾಕ್ರಿ ಮೇಡಂ ಹಟ? ಕ್ಲಾಸು ಕೈಬಿಟ್ಟು ಹೋಗ್ತೈತಿ."

ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಹೆಸರು ಅಳಿಸಿದರೆ ವರ್ಷಪೂರ್ತಿ ಆ ಕೋಣೆ ತೆರೆದಿರುತ್ತದೆ. ಮಕ್ಕಳಿಗೆ ಜ್ವಾಲಾಮುಖಿ ತೋರಿಸಬಹುದು, ಮೈಲಾರದ ಹತ್ತಿರ ಹೊಳೆ ಹೇಗೆ ಹರಿಯುತ್ತದೆಂದು ತೋರಿಸಬಹುದು. ಇಷ್ಟೆಲ್ಲ ಒಳ್ಳೆಯದಕ್ಕೆ ಒಂದೇ ಒಂದು ಪುಟ್ಟ ಹೆಸರು. ಆದರೆ ಅಳಿಸಿದ ಮರುದಿನ ಹುಲಿಗೆಮ್ಮ ನನ್ನೆದುರೇ ಕೂತಿರುತ್ತಾಳಲ್ಲ? ಯಾವ ಮುಖ ಇಟ್ಟುಕೊಂಡು ಅವಳಿಗೆ ನಾನು ಮೂಲಭೂತ ಹಕ್ಕುಗಳ ಪಾಠ ಹೇಳಲಿ?

ಬೀಗದ ಕೈಯನ್ನು ಮೇಜಿನ ಮೇಲಿಟ್ಟೆ. "ಕೋಣಿ ನಿಮ್ದು, ತಗೊಳ್ರಿ. ಹೆಸರು ಆ ಹುಡುಗೀದು. ಅದನ್ನ ನಾ ಮುಟ್ಟೋದಿಲ್ಲ" ಎಂದು ಎದ್ದು ಬಂದೆ.

ಮರುದಿನದಿಂದಲೇ ಒಂಬತ್ತನೇ ಕ್ಲಾಸಿನ ಭೂಗೋಳ ಬೇರೆಯವರ ಪಾಲಾಯಿತು. ನನಗೆ ಅದರ ಬದಲು ಹೊಲಿಗೆ ಪೀರಿಯಡ್. (ಗವಸುಗಳು ಹಳತಾಗಿವೆ, ಹೊಸವು ಬೇಕಿರಬಹುದು.) ನೋವಾಗಿದೆ, ಮುಚ್ಚಿಡುವುದಿಲ್ಲ. ಆ ಕ್ಲಾಸಿನ ಮುಂದೆ ಹಾದುಹೋಗುವಾಗ ಮಕ್ಕಳು ಕಿಟಕಿಯಿಂದ ನೋಡುತ್ತಾರೆ. ಒಳಗಿನಿಂದ ಹಳೇ ನಕಾಶೆಯ ಪಾಠ ಕೇಳಿಸುತ್ತದೆ.

ಆದರೆ ಸೋತೆನೆಂದು ಯಾರೂ ಸಂತೋಷಪಡಬೇಕಿಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ, ಮನೆಯವರು ಒಪ್ಪಿದ ಮಕ್ಕಳನ್ನು ಕೊಟ್ಟೂರಿನ ಇಂಟರ್ನೆಟ್ ಸೆಂಟರಿಗೆ ಕರೆದುಕೊಂಡು ಹೋದೆ. ಮುಂದಿನ ಶನಿವಾರವೂ ಹೋಗುತ್ತೇನೆ. ಹುಲಿಗೆಮ್ಮನ ಅವ್ವನೂ ಜೊತೆಗೆ ಬಂದಿದ್ದರು. ಮಗಳಿಂದ ಆ ಹೆಸರನ್ನು ಓದಿಸಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. "ಯಾರರ ಅಳಿಸಿದ್ರ ಮತ್ತ ಬರಿಯಾಕ ಬರ್ತೈತೇನ್ರಿ?"

"ಎಷ್ಟು ಸಲ ಬೇಕಾದ್ರೂ ಬರಿಬೋದಮ್ಮ" ಎಂದೆ.

ಊರಿನ ಹೆಸರಿನ ಜಾಗ ಇನ್ನೂ ಖಾಲಿ ಇದೆ. ಬೇಕೆಂದೇ ಬಿಟ್ಟಿದ್ದೇವೆ. ಊರಿನ ಮೇಲೆ ಅಷ್ಟು ಅಭಿಮಾನವಿರುವ ಕಾರ್ಯದರ್ಶಿಗಳೇ ಬಂದು ಬರೆಯಲಿ. ಹೇಗೆಂದು ತಿಳಿಯದಿದ್ದರೆ ಹುಲಿಗೆಮ್ಮನನ್ನು ಕೇಳಲಿ, ಪುಕ್ಕಟೆ ಹೇಳಿಕೊಡುತ್ತಾಳೆ.