ಅಕ್ಕ ಹೊಡೆದ ಮೊಳೆಗಳು

ಅಕ್ಕನ ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ಕಪ್ಪು ಉಗುರು ಉದುರಿ ಹೊಸದು ಬರುವಷ್ಟರಲ್ಲಿ ಮತ್ತೆ ಸುತ್ತಿಗೆ ಏಟು ಬಿದ್ದಿರುತ್ತಿತ್ತು. ಮೊಳೆ ಹೊಡೆಯುವುದು ಅವಳಿಗೆ ಕಡೆಯವರೆಗೂ ಸರಿಯಾಗಿ ಬರಲಿಲ್ಲ, ಹೊಡೆಯುವುದನ್ನು ಬಿಡಲೂ ಇಲ್ಲ.

ನಮ್ಮದು ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ದಾರಿಯ ಪುಟ್ಟ ಪಟ್ಟಣ. ಪಾಳುಬಿದ್ದಿದ್ದ ರೇಷ್ಮೆಗೂಡಿನ ಗೋದಾಮನ್ನು ಪಟ್ಟಣ ಪಂಚಾಯಿತಿಯವರು ಮನೆಯಿಲ್ಲದವರಿಗೆ ತಂಗುದಾಣ ಮಾಡಿ, ನಡೆಸಲು ಊರಿಗೆಲ್ಲ ಅಕ್ಕನಾಗಿದ್ದ ಇವಳ ಮಹಿಳಾ ಸಂಘಕ್ಕೆ ವಹಿಸಿದ್ದರು. ಅಕ್ಕಿ, ಬೇಳೆ, ಹೊದಿಕೆಗೆ ಅನುದಾನ ಕೊಡುತ್ತೇವೆಂದಿದ್ದರು. ಕೊಡುತ್ತಿದ್ದದ್ದು ಮನಸ್ಸು ಬಂದಾಗ. ಹಣ ನಿಂತ ತಿಂಗಳುಗಳಲ್ಲಿ ಅಕ್ಕ ತಗಡೂರಿನ ತವರಿನಿಂದ ರಾಗಿ ತರಿಸುತ್ತಿದ್ದಳು. ಕಚೇರಿಯಲ್ಲಿ ಕೇಳಿದರೆ "ಮೇಲಿಂದ ಬಂದಿಲ್ಲಮ್ಮ" ಎಂಬ ಒಂದೇ ರಾಗ. "ಅಸಿವು ಮೇಲಿನೋರ್ನ ಕೇಳ್ಕಂಡ್ ಬತ್ತದಾ ಸಾ?" ಎಂದು ಇವಳು ಅಲ್ಲೇ ಬೆಂಚಿನ ಮೇಲೆ ಕೂತುಬಿಡುತ್ತಿದ್ದಳು.

ಬಿಳಿಗೆರೆಯ ಗಂಡನ ಮನೆಯವರು ನನ್ನನ್ನು ಹೊರಗೆ ಹಾಕಿದಾಗ ಮಗಳಿಗೆ ಇನ್ನೂ ಸರಿಯಾಗಿ ಮಾತು ಬಂದಿರಲಿಲ್ಲ. ತವರಿನಲ್ಲೂ ಬಾಗಿಲು ತೆರೆಯಲಿಲ್ಲ. ಕೂಸನ್ನೆತ್ತಿಕೊಂಡು ತಂಗುದಾಣಕ್ಕೆ ಬಂದೆ. ಅಕ್ಕ ನನ್ನ ಹೆಸರು ಕೇಳಲಿಲ್ಲ, ಜಾತಿಯನ್ನಂತೂ ಕೇಳಲೇ ಇಲ್ಲ. ಸುತ್ತಿಗೆ ಹಿಡಿದು ಗೋಡೆಯ ಹತ್ತಿರ ನಿಂತು, "ಎಷ್ಟೆತ್ರಕ್ಕೆ ಒಡೀಲವ್ವ?" ಎಂದಳು. ಬಂದವರಿಗೆಲ್ಲ ಅವರವರ ಚೀಲ ತೂಗುಹಾಕಲು ಅವರವರದೇ ಮೊಳೆ, ಅವರವರ ಕೈಗೆಟಕುವ ಎತ್ತರದಲ್ಲಿ. ಗೂನು ಬೆನ್ನಿನವರಿಗೆ ಗೋಡೆಯ ನಡುವಿಗೆ. ನನಗೊಂದು ಹೊಡೆದು, "ಕೂಸ್ಗೂ ಒಂದ್ ಬ್ಯಾಡ್ವಾ?" ಎಂದು ಮಂಡಿಯೂರಿ ಕೆಳಗೆ ಇನ್ನೊಂದು ಹೊಡೆದಳು. ಆ ದಿನ ನಾನು ಅತ್ತದ್ದು ಅದೊಂದಕ್ಕೇ. ಅಲ್ಲಿಂದಲೇ ನಾನು ಮತ್ತೆ ಓದಿ, ಮೇಷ್ಟ್ರ ಕೆಲಸ ಹಿಡಿದೆ.

ಮೂಗೂರಿನ ಕಡೆಯ ಒಬ್ಬ ಅಜ್ಜ ಇದ್ದರು, ಛತ್ರಿ ರಿಪೇರಿ ಮಾಡುವವರು. ಅವರ ಮೊಳೆಯ ಮೇಲಿನ ಚೀಲದಲ್ಲಿ ತೀರಿಕೊಂಡ ಹೆಂಡತಿಯ ಒಂದು ಸೀರೆ ಇತ್ತು. ಕೆಲಸಕ್ಕೆ ಹೊರಡುವಾಗ ಅದನ್ನೊಮ್ಮೆ ಮುಟ್ಟಿ ಹೋಗುತ್ತಿದ್ದರು.

ಬೇಳೆಗೆ ಹಣವಿಲ್ಲದ ಕಚೇರಿಗೆ ಇದ್ದಕ್ಕಿದ್ದಂತೆ ಕಮಾನು ಕಟ್ಟಿಸಲು ಹಣ ಬಂತು. ನೆಲಕ್ಕೆ ಟೈಲ್ಸು, ಗೋಡೆಗೆ ಗುಲಾಬಿ ಬಣ್ಣ. ಉದ್ಘಾಟನೆಗೆ ದೊಡ್ಡವರು ಬರುತ್ತಾರಂತೆ. ಅಕ್ಕ ಸಂತೆಗೆ ಹೋಗಿದ್ದ ಹೊತ್ತಿನಲ್ಲಿ ಗುತ್ತಿಗೆದಾರನ ಆಳುಗಳು ಮೊಳೆಗಳನ್ನೆಲ್ಲ ಕಿತ್ತು, ಚೀಲಗಳನ್ನು ಅಂಗಳದಲ್ಲಿ ಗುಡ್ಡೆ ಹಾಕಿದರು. ಕಸದ ಟ್ರ್ಯಾಕ್ಟರ್ ಬಂದು ಗುಡ್ಡೆಯನ್ನು ತುಂಬಿಕೊಂಡು ಹೋಯಿತು. ಅವು ಕಸವೆಂದು ಯಾವ ಕಣ್ಣಿಗೆ ಕಂಡವೋ!

ಸಂಜೆ ಅಜ್ಜ ಬಂದು ನುಣ್ಣನೆಯ ಗೋಡೆಯನ್ನು ಬಹಳ ಹೊತ್ತು ತಡವಿದರು. "ನನ್ ಮೊಳೆ ಎಲ್ಲವ್ವ?" ಎಂದು ಅಕ್ಕನನ್ನು ಕೇಳಿದರು. ಅಜ್ಜ ಬಸ್ ಸ್ಟ್ಯಾಂಡಿಗೆ ಹೋಗಿ ಮಲಗಿದವರು ಮತ್ತೆ ತಂಗುದಾಣಕ್ಕೆ ಕಾಲಿಡಲಿಲ್ಲ. ಅಕ್ಕ ಪ್ರತಿ ಸಂಜೆ ಊಟ ಒಯ್ದು ಕರೆಯುತ್ತಿದ್ದಳು. ಊಟ ಮಾಡುತ್ತಿದ್ದರು, ಬರುತ್ತಿರಲಿಲ್ಲ.

ಉದ್ಘಾಟನೆಯ ದಿನ ದೊಡ್ಡವರು ಟೇಪು ಕತ್ತರಿಸಿ ಒಳಗೆ ಬಂದರೆ, ಅಕ್ಕ ಗುಲಾಬಿ ಗೋಡೆಗೆ ಮೊಳೆ ಹೊಡೆಯುತ್ತಾ ನಿಂತಿದ್ದಳು. ಸುಣ್ಣ ಗಾರೆ ಟೈಲ್ಸಿನ ಮೇಲೆಲ್ಲ ಉದುರುತ್ತಿತ್ತು. ಮುಖ್ಯಾಧಿಕಾರಿಯ ಮುಖ ಕೆಂಪಾಯಿತು. "ಏನ್ರೀ ಇದು, ಸರ್ಕಾರಿ ಆಸ್ತಿ ಹಾಳ್ಮಾಡ್ತಿದ್ದೀರಾ? ಇವರಿಗೆ ಮನೆ ಥರ ಮಾಡ್ಕೊಟ್ಟಿದ್ದೀವಲ್ಲ!"

ಅಕ್ಕ ತಿರುಗಿದಳು. "ಮನೆ ಅಂದ್ರೆ ಏನ್ ಗೊತ್ತಾ ಸಾ ನಿಮ್ಗೆ? ಬೆಳಿಗ್ಗೆ ಮಡಗ್ಬುಟ್ಟು ಓದ್ ಚೀಲ, ಸಂಜೆ ಬಂದಾಗ್ಲೂ ಅಲ್ಲೇ ಇರ್ಬೇಕು. ಅಷ್ಟೇಯ. ಅಷ್ಟನ್ನೂ ಕಿತ್ಕಂಡ್ರಲ್ಲ, ನಿಮ್ ಕಮಾನಿಗ್ ಬೆಂಕಿ ಬೀಳ!"

ಆಮೇಲೆ ಆಗಬೇಕಾದ್ದು ಆಯಿತು. ಅನುದಾನ ರದ್ದು, ಸಂಘ ಹೊರಗೆ. ಮೈಸೂರಿನ ಯಾವುದೋ ಏಜೆನ್ಸಿ ಬಂತು. ಆಧಾರ್ ಕಾರ್ಡ್ ಇಲ್ಲದವರಿಗೆ ಪ್ರವೇಶವಿಲ್ಲವೆಂದು ಬೋರ್ಡು ಹಾಕಿತು. ಹೊಸ ಮಂಚಗಳ ಪ್ಲಾಸ್ಟಿಕ್ ಹೊದಿಕೆಯನ್ನು ಇವತ್ತಿಗೂ ಯಾರೂ ಬಿಚ್ಚಿಲ್ಲ. ಅಕ್ಕ ಮಾತ್ರ ತನ್ನ ಮನೆಯ ಪಡಸಾಲೆಯಲ್ಲಿ ಹಿಡಿಸಿದಷ್ಟು ಜನರನ್ನು ಮಲಗಿಸಿದಳು. ಬಸ್ ಸ್ಟ್ಯಾಂಡಿಗೆ ಊಟ ಒಯ್ಯುವುದನ್ನು ನಿಲ್ಲಿಸಲಿಲ್ಲ. ಕಾಮಾಲೆ ಬಂದು ಆಸ್ಪತ್ರೆ ಸೇರುವವರೆಗೂ ಒಯ್ದಳು. ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ.

ಹೋದ ತಿಂಗಳು ಅದೇ ಕಚೇರಿಯಿಂದ ನನಗೆ ಫೋನು. ತಂಗುದಾಣಕ್ಕೆ ಅಕ್ಕನ ಹೆಸರಿಡುತ್ತಾರಂತೆ. "ನೀವು ಓದಿದೋರು ಮೇಡಂ, ಎರಡು ಒಳ್ಳೆ ಮಾತಾಡಿ. ಹಳೇದೆಲ್ಲ ಬೇಡ." ನಾಚಿಕೆಯೆಂಬುದು ಇವರಿಗೆ ಎಲ್ಲಿಂದ ಬರಬೇಕು? ಆದರೂ, ಹೆಸರಿನ ನೆಪದಲ್ಲಾದರೂ ಅಜ್ಜನಿಗೊಂದು ಸೂರು ಸಿಗಲಿ ಎಂದುಕೊಂಡು, ಸಮಾರಂಭದ ದಿನ ಮೊದಲು ಬಸ್ ಸ್ಟ್ಯಾಂಡಿಗೆ ಹೋದೆ.

"ಬನ್ನಿ ಅಜ್ಜ. ಈಗ ಅದು ಅಕ್ಕನ ಹೆಸರಿನ ಮನೆ. ಕಾರ್ಡಿನ ಮಾತು ನಾನಾಡ್ತೀನಿ."

ಅಜ್ಜ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. "ಅವ್ಳು ಇದ್ದಾಳಾ ಅಲ್ಲಿ?"

"ಇಲ್ಲ ಅಜ್ಜ."

"ಮತ್ತೆ ಯಾರ್ ಮನೆಗ್ ಅಂತ ಬರ್ಲವ್ವ?"

ಅಷ್ಟರಲ್ಲಿ ಆ ಕಡೆಯಿಂದ ಮೈಕು ಕೂಗಿತು. ಅಕ್ಕನ ಸೇವೆಗೆ ಕಚೇರಿ ಸದಾ ಬೆನ್ನೆಲುಬಾಗಿ ನಿಂತಿತ್ತಂತೆ. ಆಮೇಲೆ ನನ್ನ ಹೆಸರು ಕರೆದರು, ವೇದಿಕೆಗೆ ಬರಬೇಕಂತೆ. ಎರಡನೆಯ ಸಲವೂ ಕರೆದರು. ನಾನು ಹೋಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಅಜ್ಜ ತಾವು ಕೂತಿದ್ದ ಟವೆಲನ್ನು ಬಿಡಿಸಿ, ಅರ್ಧವನ್ನು ನನ್ನ ಕಡೆಗೆ ಹಾಸಿದರು.